ಪ್ರಜ್ಞೆಯ ಹರಿವೋ, ಅರಿವಿನ ಹರಿವೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮನಶ್ಶಾಸ್ತ್ರಜ್ಞ, ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಎರಡು ವಾರದಿಂದ ಕಾಡುತ್ತಿದೆ. ‘ಕಾನ್ಷಸ್‌ನೆಸ್’ಗೆ ಏನು ಹೇಳೋಣ?

ಪ್ರಜ್ಞೆ ಅಂತ ಇದೆಯಲ್ಲ ಅನ್ನಬಹುದು. ನನಗೂ ಮೊದಲು ಹೊಳೆದದ್ದು ಅದೇ. ಆದರೆ ಜೇಮ್ಸ್ ಒಂದೇ ಶಾಸ್ತ್ರಕ್ಕೆ ಅಂಟಿಕೊಂಡವರಲ್ಲ, ಹಾಗಾಗಿ ಪದ ಎಲ್ಲ ಕಡೆಗೂ ಒಗ್ಗಬೇಕು. ಓದಿದ್ದು ವೈದ್ಯಕೀಯ, 1869ರಲ್ಲಿ ಹಾರ್ವರ್ಡ್‌ನಿಂದ ಪದವಿ. ಅಲ್ಲೇ ಮೊದಲು ಶರೀರಶಾಸ್ತ್ರ ಹೇಳಿಕೊಟ್ಟರು, ಆಮೇಲೆ ಮನಶ್ಶಾಸ್ತ್ರ. 1885ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, 1889ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು, 1897ರಲ್ಲಿ ಮತ್ತೆ ತತ್ತ್ವಶಾಸ್ತ್ರಕ್ಕೆ! ಸಾಹಿತ್ಯವಂತೂ ಮನೆಯಲ್ಲೇ ಇತ್ತು, ಕಾದಂಬರಿಕಾರ ಹೆನ್ರಿ ಜೇಮ್ಸ್ ಇವರ ತಮ್ಮ.

ಹನ್ನೆರಡು ವರ್ಷ ಹಿಡಿದು ಬರೆದ ಮನಶ್ಶಾಸ್ತ್ರದ ದೊಡ್ಡ ಪುಸ್ತಕ 1890ರಲ್ಲಿ ಬಂತು. ಮನಸ್ಸಿನೊಳಗೆ ನಡೆಯುವುದು ಚೂರು ಚೂರಾಗಿ ಇರುವುದಿಲ್ಲ, ಸರಪಳಿ ಅಂದರೂ ಸರಿಹೋಗದು, ಅದು ಹೊಳೆಯ ಹಾಗೆ ಹರಿಯುತ್ತದೆ ಎಂಬ ಮಾತು ಬರುವುದು ಅದರಲ್ಲೇ. ಅಲ್ಲಿ ಅಧ್ಯಾಯದ ಹೆಸರು ‘ಸ್ಟ್ರೀಮ್ ಆಫ್ ಥಾಟ್’, ಅಂದರೆ ಯೋಚನೆಯ ಹರಿವು. 1892ರ ಚಿಕ್ಕ ಪುಸ್ತಕದಲ್ಲಿ ಅದು ‘ಸ್ಟ್ರೀಮ್ ಆಫ್ ಕಾನ್ಷಸ್‌ನೆಸ್’ ಆಯಿತು. 1918ರಲ್ಲಿ ಇಂಗ್ಲಿಷ್ ಲೇಖಕಿ ಮೇ ಸಿಂಕ್ಲೇರ್ ಅವರು ಡೊರೊಥಿ ರಿಚರ್ಡ್‌ಸನ್‌ರ ಕಾದಂಬರಿಗಳ ಬಗ್ಗೆ ಬರೆಯುವಾಗ ಇದೇ ಮಾತನ್ನು ಬಳಸಿದರು. ಹೀಗೆ, ಪಾತ್ರದ ಮನಸ್ಸಿನಲ್ಲಿ ಹರಿಯುವುದನ್ನು ಹಾಗೇ ಬರೆಯುವ ರೀತಿಗೆ ಹೆಸರಾಗಿ ಸಾಹಿತ್ಯ ವಿಮರ್ಶೆಗೆ ಬಂದದ್ದು ಕನ್ನಡದಲ್ಲಿ ‘ಪ್ರಜ್ಞಾಪ್ರವಾಹ’ ಆಗಿದೆ.

ಈ ಪ್ಯಾರಾವನ್ನು ಅಮ್ಮನಿಗೆ ಓದಿ ಹೇಳಿದೆ. "ಪ್ರಜ್ಞೆ ತಪ್ಪೋದು ಗೊತ್ತು. ಅದು ಹರಿಯೋದು ಅಂದ್ರೇನು?" ಅಂದರು. ಅಲ್ಲಿಂದ ಈ ಪದದ ಹಿಂದೆ ಬಿದ್ದೆ. ಸಮಯಪ್ರಜ್ಞೆ ಅಂದಾಗ ಅದು ಜಾಣತನ. ಸಾಮಾಜಿಕ ಪ್ರಜ್ಞೆ ಅಂದಾಗ ಕಾಳಜಿ. ಗೀತೆಯ ಸ್ಥಿತಪ್ರಜ್ಞನಲ್ಲಿ ಅಲುಗಾಡದ ಬುದ್ಧಿ. ಚರಕ ಸಂಹಿತೆಯಲ್ಲಿ ‘ಪ್ರಜ್ಞಾಪರಾಧ’, ಅಂದರೆ ತಿಳಿವಳಿಕೆಯ ತಪ್ಪು, ರೋಗಕ್ಕೆ ಒಂದು ಕಾರಣ. ಕಾವ್ಯಮೀಮಾಂಸೆಗೆ ಬಂದರೆ ಭಟ್ಟತೌತ ಹೇಳಿದ್ದು, ಹೊಸ ಹೊಸದನ್ನು ಹೊಳೆಯಿಸುವ ಪ್ರಜ್ಞೆಯೇ ಪ್ರತಿಭೆ ಅಂತ. ನನಗೆ ತುಂಬ ಆಶ್ಚರ್ಯ ಆದದ್ದು ಮಾಂಡೂಕ್ಯ ಉಪನಿಷತ್ತು. ಅಲ್ಲಿ ಕನಸೂ ಇಲ್ಲದ ಗಾಢನಿದ್ರೆಯ ಸ್ಥಿತಿಯಲ್ಲಿರುವ ಆತ್ಮಕ್ಕೆ ‘ಪ್ರಾಜ್ಞ’ ಅಂತ ಹೆಸರು. ನಾವು ಆಸ್ಪತ್ರೆಯಲ್ಲಿ ‘ಪ್ರಜ್ಞೆ ಇಲ್ಲ’ ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ ಅಲ್ವಾ?

ಇಷ್ಟೆಲ್ಲ ಹೊರೆ ಹೊತ್ತ ಪದವನ್ನು ಜೇಮ್ಸ್ ಬಾಯಲ್ಲಿ ಇಡಲು ಹಿಂಜರಿಕೆ ಆಗುತ್ತಿದೆ. ಅದಕ್ಕೇ ನನ್ನ ಮನಸ್ಸು ‘ಅರಿವು’ ಕಡೆಗೆ ಜಾಸ್ತಿ ವಾಲುತ್ತಿದೆ. ಕಾರಣ ಇದೆ. 1904ರಲ್ಲಿ ಜೇಮ್ಸ್ ‘ಕಾನ್ಷಸ್‌ನೆಸ್’ ಅನ್ನುವುದು ಇದೆಯೇ ಅಂತಲೇ ಒಂದು ಲೇಖನ ಬರೆದರು. ಅದು ಒಂದು ವಸ್ತುವಲ್ಲ, ಒಂದು ಕೆಲಸ, ತಿಳಿಯುವ ಕೆಲಸ ಅಂದರು. ‘ಅರಿವು’ ಹುಟ್ಟಿದ್ದೇ ‘ಅರಿ’ ಅನ್ನುವ ಕ್ರಿಯೆಯಿಂದ. ಅವರು ಹೇಳಬೇಕೆಂದದ್ದು ನಮ್ಮ ಪದದೊಳಗೇ ಕೂತಿದೆ! ‘ಅರಿವಿನ ಹರಿವು’ ಕೇಳುವುದಕ್ಕೂ ಚೆಂದ.

ತೊಡಕು ಎರಡಿವೆ. ಈಗ ‘ಅರಿವು’ ಅಂದರೆ ಜನ ಆರೋಗ್ಯ ಇಲಾಖೆಯ ಅರಿವು ಕಾರ್ಯಕ್ರಮವನ್ನೇ ನೆನೆಯುತ್ತಾರೆ. ಮತ್ತೆ, ನಮ್ಮ ಹಳೇ ಮೈಸೂರಿನ ಕಡೆ ಹಕಾರ ಬಿಟ್ಟು ಮಾತಾಡುವುದುಂಟು. ಪಾಠ ಮಾಡುವಾಗ ‘ಅರಿವಿನ ಅರಿವು’ ಅಂತ ಕೇಳಿಸಿಬಿಟ್ಟರೆ ಅರ್ಥವೇ ಬೇರೆ. ಆಗ ‘ಅರಿವಿನ ಹೊಳೆ’ ಅನ್ನಬಹುದೇ? ಅಲ್ಲೂ ‘ಒಳೆ’ ಆಗುತ್ತದೆ, ಆದರೆ ಗೊಂದಲ ಇಲ್ಲ.

ನನ್ನ ಪ್ರಶ್ನೆ ಇಷ್ಟು. ‘ಅರಿವು’ ಪದವನ್ನು ಮನಶ್ಶಾಸ್ತ್ರದ ಪಾಠದಲ್ಲಿ ಬಳಸಿದವರು ಇದ್ದೀರಾ, ವಿದ್ಯಾರ್ಥಿಗಳಿಗೆ ಹಿಡಿಸಿತೇ? ವಿಮರ್ಶೆಯಲ್ಲಿ ಬೇರೂರಿದ ‘ಪ್ರಜ್ಞಾಪ್ರವಾಹ’ವನ್ನು ಹಾಗೇ ಬಿಟ್ಟು, ಜೇಮ್ಸ್‌ಗೆ ಮಾತ್ರ ‘ಅರಿವು’ ಬಳಸಿದರೆ ಓದುಗರಿಗೆ ಕೊಂಡಿ ತಪ್ಪುತ್ತದೆಯೇ? ಇನ್ನೊಂದು, ಪ್ರಜ್ಞೆ ತಪ್ಪಿದರೆ ಧಾರವಾಡದ ಕಡೆ ‘ಖಬರ ಇಲ್ಲ’ ಅನ್ನುತ್ತಾರೆ, ನಮ್ಮಲ್ಲಿ ‘ಗ್ಯಾನ ತಪ್ತು’ ಅನ್ನುತ್ತಾರೆ. ಕರಾವಳಿ, ಮಲೆನಾಡಿನಲ್ಲಿ ಮನೆಮಾತಿನಲ್ಲಿ ಏನನ್ನುತ್ತೀರಿ? ದಯವಿಟ್ಟು ತಿಳಿಸಿ.