ಪದ ಬೇಕು: ‘ಬುಷ್ ಪ್ಲೇನ್’, ಇಂದು ಸಂಜೆಯೊಳಗೆ

> ಕೆನಡಾದ ಲ್ಯಾಬ್ರಡಾರಿನ ಮಿಸ್ಟಾಸ್ಟಿನ್ ಸರೋವರದಲ್ಲಿ 2019ರ ಜುಲೈ 15ರಂದು ನಡೆದ ವಿಮಾನ ದುರಂತದ ಬಗೆಗಿನ ಲೇಖನವನ್ನು ಅನುವಾದಿಸುತ್ತಿದ್ದೇನೆ. ಚಾರ್ಟರ್ ಬುಷ್ ಪ್ಲೇನ್‌ಗೆ ‘ಪೊದೆವಿಮಾನ’ ಆಗಬಹುದೇ? ಶೀರ್ಷಿಕೆ: ‘ಏಳು ಮಂದಿ ಜಲಸಮಾಧಿ’. ಸಂಜೆ ಪುಟ ಅಚ್ಚಿಗೆ ಹೋಗುತ್ತದೆ.

ಪೊದೆವಿಮಾನ ಬೇಡವೇ ಬೇಡ. ಕೆನಡಾದವರು ಬುಷ್ ಎನ್ನುವುದು ರಸ್ತೆಯೇ ಇಲ್ಲದ ಕಾಡುಸೀಮೆಗೆ. ಅಲ್ಲಿಗೆ ಜನರನ್ನೂ ಸಾಮಾನನ್ನೂ ಹೊತ್ತೊಯ್ಯುವ ಸಣ್ಣ ವಿಮಾನಕ್ಕೆ ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಸ್ಕೀ, ಬೇಸಿಗೆಯಲ್ಲಿ ನೀರಿನ ಮೇಲೆ ತೇಲಿಸುವ ಫ್ಲೋಟ್ ಕಟ್ಟುತ್ತಾರೆ. ನಿಮ್ಮ ಲೇಖನದ ‘ಬೀವರ್’ ಮಾದರಿಯ ವಿಮಾನಕ್ಕೆ ಇದ್ದದ್ದು ಫ್ಲೋಟ್. ‘ಬಾಡಿಗೆ ಜಲವಿಮಾನ’ ಎಂದು ಬರೆಯಿರಿ, ಸಾಕು.

‘ಬಾನೋಡ’ ಸೂಚಿಸಿದವರಿಗೆ: ಓಡ ಎಂದರೆ ದೋಣಿ, ನೀರಿಗಿಳಿಯುವ ವಿಮಾನಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಸಾವಿನ ಸುದ್ದಿ ಓದುವವರನ್ನು ನಿಘಂಟಿಗೆ ಅಟ್ಟಬೇಡಿ.

‘ಸರೋವರ ಸಂಸ್ಕೃತ, ಕೆರೆ ಎನ್ನಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಏರಿ, ತೂಬು, ಕೋಡಿ ಇದ್ದರೆ ಕೆರೆ. ಅದನ್ನು ಯಾರೋ ಕಟ್ಟಿಸಿರುತ್ತಾರೆ. ಮಿಸ್ಟಾಸ್ಟಿನ್ ಉಲ್ಕೆ ಅಪ್ಪಳಿಸಿದ ಕುಳಿಯಲ್ಲಿ ನಿಂತ ನೀರು, ಮಹಾರಾಷ್ಟ್ರದ ಲೋನಾರ್‌ನ ಹಾಗೆ. ಅಚ್ಚಗನ್ನಡದ ಹಟಕ್ಕೆ ಕೆರೆಯ ಅರ್ಥವನ್ನೇ ಬಲಿಕೊಡುವುದು ಯಾವ ಕನ್ನಡಾಭಿಮಾನ?

ಇನ್ನು ಜಲಸಮಾಧಿ. ಯತಿಯೊಬ್ಬ ತಾನಾಗಿ ನೀರಿಗಿಳಿದು ದೇಹ ಬಿಡುವುದು, ಇಲ್ಲವೇ ಯತಿಯ ಶರೀರವನ್ನು ಹೊಳೆಗೆ ಒಪ್ಪಿಸುವುದು ಜಲಸಮಾಧಿ. ಆ ಬೀವರ್‌ನಲ್ಲಿ ಇದ್ದವರು ಮೀನು ಹಿಡಿಯಲು ಹೊರಟ ನಾಲ್ವರು, ಇಬ್ಬರು ಮಾರ್ಗದರ್ಶಕರು, ಒಬ್ಬ ಪೈಲಟ್. ಸಂಜೆ ವಸತಿಗೆ ಮರಳಬೇಕಾಗಿದ್ದವರು. ಕೆಲವರ ದೇಹವೂ ಮನೆಯವರಿಗೆ ಸಿಗಲಿಲ್ಲ. ಅಂಥ ಸಾವಿಗೆ ಸಮಾಧಿಯ ಪುಣ್ಯ ಅಂಟಿಸುವುದು ಕ್ರೂರ. ನಮ್ಮಲ್ಲಿ ತೆಪ್ಪ ಮಗುಚಿ ಮಕ್ಕಳು ಸತ್ತಾಗಲೂ ಪತ್ರಿಕೆಗಳು ಇದೇ ಪದವನ್ನು ಅಚ್ಚು ಹಾಕುತ್ತವೆ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಎರವಲು ಪದ ಬೇಡವೆಂದು ನಾನು ಹೇಳುತ್ತಿಲ್ಲ. ಪೈಲಟ್ ಬರಲಿ, ಫ್ಲೋಟ್ ಬರಲಿ, ಸರೋವರವೂ ಇರಲಿ. ಆದರೆ ತಂದ ಪದದ ಅರ್ಥ ಕೆಡಿಸಬೇಡಿ.

ಶೀರ್ಷಿಕೆ ಹೀಗಿರಲಿ: ‘ಸರೋವರಕ್ಕೆ ಬಿದ್ದ ಜಲವಿಮಾನ: ಏಳು ಮಂದಿ ಸಾವು’. ಒಳಗೆ ‘ಪತನಗೊಂಡು’ ಎಂದಿದ್ದರೆ ‘ಬಿದ್ದು’ ಎಂದು ತಿದ್ದಿ. ಮಿಸ್ಟಾಸ್ಟಿನ್‌ನಲ್ಲಿ ‘ಸ್ಟಿ’ಗೆ ಹ್ರಸ್ವವೇ ಇರಲಿ.