ಟಾಲ್‌ಸ್ಟಾಯ್ ಆ ಭಕ್ತರಿಗೆ ಅನ್ಯಾಯ ಮಾಡಿದರಾ?

ಓದುಗುಳಿ: ‘ಅನ್ನಾ ಕರೆನಿನಾ’ ಮುಗಿಸಿದೆ. ಅನ್ನಾಳ ಗಂಡ ಕರೆನಿನ್‌ಗೆ ಆಪ್ತಳಾದ ಕೌಂಟೆಸ್ ಲಿಡಿಯಾ ಮೇಲೆ ಸಿಕ್ಕಾಪಟ್ಟೆ ಸಿಟ್ಟು ಬಂತು. ಬಾಯಲ್ಲಿ ಸದಾ ಕ್ರಿಸ್ತನ ಪ್ರೀತಿ, ಆದರೆ ಕರೆನಿನ್ ಅನ್ನಾಗೆ ಡಿವೋರ್ಸ್ ಕೊಡಬೇಕಾ ಅನ್ನೋದು ತೀರ್ಮಾನ ಆಗೋದು ಲಾಂಡೋ ಅನ್ನೋ ಫ್ರೆಂಚ್ ಮನುಷ್ಯ ನಿದ್ದೆಯಲ್ಲಿ ಆಡಿದ ಮಾತಿನಿಂದ! 1874ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಡ್‌ಸ್ಟಾಕ್ ಪೀಟರ್ಸ್‌ಬರ್ಗಿಗೆ ಬಂದು ಶ್ರೀಮಂತರ ಮನೆಗಳಲ್ಲಿ ಬೋಧನೆ ಶುರು ಮಾಡಿದ್ದರಲ್ಲ, ಟಾಲ್‌ಸ್ಟಾಯ್ ಕುಟುಕಿದ್ದು ಅವರ ಶಿಷ್ಯರನ್ನೇ. ಸರಿಯಾಗೇ ಕುಟುಕಿದ್ದಾರೆ.

ಮಲೆನಾಡಿಗ: ನಾನು ಒಪ್ಪಲ್ಲ. ರ‍್ಯಾಡ್‌ಸ್ಟಾಕ್ ಹೇಳುತ್ತಿದ್ದದ್ದು ಇಷ್ಟೇ: ಬೈಬಲ್ ಓದಿ, ಕ್ರಿಸ್ತನನ್ನು ನಂಬಿ. ನಿದ್ದೆಯಲ್ಲಿ ಕಣಿ ಹೇಳೋದಕ್ಕೂ ಅದಕ್ಕೂ ಏನು ಸಂಬಂಧ? ಅವರ ಶಿಷ್ಯ ಕರ್ನಲ್ ಪಾಶ್ಕೋವ್ 1876ರಲ್ಲಿ ಒಂದು ಸಂಘ ಕಟ್ಟಿ ಧರ್ಮದ ಪುಸ್ತಕಗಳನ್ನು ಅಗ್ಗಕ್ಕೆ ಹಂಚಿದರು, ಬಡವರಿಗೆ ಊಟದ ವ್ಯವಸ್ಥೆ ಮಾಡಿದರು. 1884ರಲ್ಲಿ ಸರ್ಕಾರ ಸಂಘ ಮುಚ್ಚಿಸಿತು. ಇನ್ನು ಬೋಧನೆ ಮಾಡಲ್ಲ ಅಂತ ಸಹಿ ಹಾಕಿ ಅಂದಾಗ ಪಾಶ್ಕೋವ್, ಅವರ ಜೊತೆಗಾರ ಕೌಂಟ್ ಕೋರ್ಫ್ ಇಬ್ಬರೂ ಹಾಕಲಿಲ್ಲ, ದೇಶ ಬಿಟ್ಟು ಹೋಗಬೇಕಾಯಿತು. ಬರೀ ಶೋಕಿ ಭಕ್ತರು ಹೀಗೆ ಮಾಡ್ತಾರಾ?

ಸಂಜೆಮಲ್ಲಿಗೆ: ನನ್ನ ಪ್ರಕಾರ ದೊಸ್ತೊಯೆವ್ಸ್ಕಿ ಜಾಸ್ತಿ ನ್ಯಾಯವಾಗಿ ಬರೆದರು. 1876ರ ಮಾರ್ಚ್ ತಿಂಗಳ ‘ಲೇಖಕನ ದಿನಚರಿ’ ನೋಡಿ. ಲಾರ್ಡ್ ಭಾಷಣದಲ್ಲಿ ತನಗೆ ವಿಶೇಷವೇನೂ ಕಾಣಲಿಲ್ಲ ಅಂತಾರೆ, ಆದರೂ ಜನರ ಮನಸ್ಸು ಕರಗಿ ಬಡವರನ್ನು ಹುಡುಕಿಕೊಂಡು ಹೋಗ್ತಿದ್ದಾರೆ ಅನ್ನೋದನ್ನ ಮುಚ್ಚಿಡಲ್ಲ. ಮೇಲಿನವರು ತಮ್ಮ ಮಣ್ಣಿನಿಂದ, ಜನರಿಂದ ದೂರ ಆಗಿದ್ದಕ್ಕೇ ಇದೆಲ್ಲ ಅನ್ನೋದು ಅವರ ವಾದ. ಆ ವಾದ ನನಗೆ ಹಿಡಿಸಲ್ಲ. ಇನ್ನೊಬ್ಬ ರಷ್ಯನ್ ಲೇಖಕ ಲೆಸ್ಕೋವ್ ಕಥೆ ಬೇರೆ. ಕವಿ ಡೆನಿಸ್ ಡವಿಡೋವ್ ಮಗಳು ಯೂಲಿಯಾ ಝಸೆಟ್ಸ್ಕಾಯಾ ರ‍್ಯಾಡ್‌ಸ್ಟಾಕ್ ಶಿಷ್ಯೆ, ಲೆಸ್ಕೋವ್‌ಗೆ ಸ್ನೇಹಿತೆ. ಅವರಿಂದ ವಿಷಯ ತಿಳಿದುಕೊಂಡೇ ಲಾರ್ಡ್ ಬಗ್ಗೆ ಚುಚ್ಚಿ ಪುಸ್ತಕ ಬರೆದರು, ಆಕೆಗೆ ತುಂಬಾ ನೋವಾಯಿತು.

ಮಲೆನಾಡಿಗ: ಟಾಲ್‌ಸ್ಟಾಯ್ ಅಷ್ಟಕ್ಕೇ ಬಿಡಲಿಲ್ಲ ನೋಡಿ. 1899ರ ‘ಪುನರುತ್ಥಾನ’ದಲ್ಲೂ ಕೀಸೆವೆಟರ್ ಅನ್ನೋ ಬೋಧಕ ಬರ್ತಾನೆ. ಎಂಟು ವರ್ಷದಿಂದ ಅದೇ ಭಾಷಣ, ಅದೇ ಜಾಗಕ್ಕೆ ಬಂದಾಗ ಗಂಟಲು ಬಿಗಿದು, ಮೂಗು ಚುರುಗುಟ್ಟಿ, ಕಣ್ಣೀರು. ಪಾಶ್ಕೋವ್ ದೇಶ ಬಿಟ್ಟು ಹದಿನೈದು ವರ್ಷ ಆದಮೇಲೂ ಈ ಗೇಲಿ ಬೇಕಿತ್ತಾ?

ಓದುಗುಳಿ: ಅದೇ ಕಾದಂಬರಿಯಲ್ಲಿ ಮುಂದೆ ಓದಿ. ಒಟ್ಟಿಗೆ ಕೂತು ಸುವಾರ್ತೆ ಓದಿದ ತಪ್ಪಿಗೆ ರೈತರನ್ನು ಹೆಂಡತಿ ಮಕ್ಕಳಿಂದ ಬೇರೆ ಮಾಡಿ ಗಡೀಪಾರು ಮಾಡ್ತಾರೆ. ಅವರ ಪರವಾಗಿ ಕಥಾನಾಯಕ ನೆಖ್ಲ್ಯುಡೋವ್ ಅಧಿಕಾರಿಗಳ ಮನೆ ಬಾಗಿಲು ತಟ್ಟುತ್ತಾನೆ. ಪುಸ್ತಕದ ದುಡ್ಡನ್ನೂ ಟಾಲ್‌ಸ್ಟಾಯ್ ಕೊಟ್ಟಿದ್ದು ನಂಬಿಕೆಗಾಗಿ ಕಿರುಕುಳ ತಿಂದ ದುಖೋಬೋರರು ಅನ್ನೋ ರಷ್ಯಾದ ಕ್ರೈಸ್ತ ಪಂಥದವರು ಕೆನಡಾಕ್ಕೆ ಹೋಗಲಿ ಅಂತ. ಅವರ ಸಿಟ್ಟು ಬೈಬಲ್ ಓದುವವರ ಮೇಲಲ್ಲ, ಅತ್ತು ಹಗುರಾಗಿ ಜಮೀನು ಆಸ್ತಿ ಎಲ್ಲ ಹಾಗೇ ಇಟ್ಟುಕೊಂಡವರ ಮೇಲೆ.

ಸಂಜೆಮಲ್ಲಿಗೆ: ಅದು ಸರಿ. ಆದರೆ ಅಳದೆ ಕೆಲಸ ಮಾಡಿದ ಝಸೆಟ್ಸ್ಕಾಯಾ ತರದ ಒಬ್ಬ ಹೆಂಗಸಾದರೂ ಆ ಎರಡು ಕಾದಂಬರಿಯಲ್ಲಿ ಇದ್ದಿದ್ದರೆ! ಆಕೆ ಪೀಟರ್ಸ್‌ಬರ್ಗಿನಲ್ಲಿ ಮನೆ ಇಲ್ಲದವರಿಗೆ ರಾತ್ರಿ ತಂಗೋ ಜಾಗ ಕಟ್ಟಿಸಿದವರು.