ಲಿಥಿಯಂ ತಗೊಳ್ಳುವ ಅಣ್ಣನಿಗೆ ಕೋವಿಡ್ ಬಂದಿದೆ, ಏನೇನು ನೋಡಿಕೊಳ್ಳಬೇಕು?

ಮಲೆನಾಡಿನವಳು, ಮೇ 2021

ನಮ್ಮಣ್ಣನಿಗೆ ಬೈಪೋಲಾರ್, ಅಂದರೆ ಮನಸ್ಸು ಕೆಲವೊಮ್ಮೆ ಅತಿಯಾಗಿ ಏರಿ ಕೆಲವೊಮ್ಮೆ ತೀರಾ ಕುಗ್ಗುವ ಕಾಯಿಲೆ. ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ವರ್ಷಗಳಿಂದ ತಗೊಂಡು ಚೆನ್ನಾಗಿದ್ದಾನೆ, ತೀರ್ಥಹಳ್ಳಿ ಹತ್ತಿರ ತೋಟ ನೋಡಿಕೊಳ್ತಾನೆ. ನಿನ್ನೆ ಪಾಸಿಟಿವ್ ಬಂತು. ಆಕ್ಸಿಜನ್ 97 ಇದೆ, ಮನೆಯಲ್ಲೇ ಇರಿ ಅಂದಿದ್ದಾರೆ. ಜ್ವರ ಬಿಟ್ಟಿಲ್ಲ. ಬಾಯಿಗೆ ರುಚಿಯಿಲ್ಲ, ನೀರೂ ಬೇಡ ಅಂತಾನೆ.

ಫೋನ್ ಮಾಡಿದವರೆಲ್ಲ ಆಕ್ಸಿಜನ್ ಎಷ್ಟು ಅಂತಷ್ಟೇ ಕೇಳ್ತಾರೆ. ನನ್ನ ಚಿಂತೆ ಬೇರೆ. ಹೋದ ವರ್ಷದ ಲಾಕ್‌ಡೌನ್‌ನಿಂದ ಲಿಥಿಯಂ ರಕ್ತಪರೀಕ್ಷೆ ಸರಿಯಾಗಿ ಆಗಿಲ್ಲ. ಈಗ ಶಿವಮೊಗ್ಗಕ್ಕೆ ಬಸ್ಸೂ ಇಲ್ಲ. ರಾತ್ರಿಯೆಲ್ಲ ಕೋಣೆಯಲ್ಲಿ ಓಡಾಡುವ ಸದ್ದು ಕೇಳಿಸ್ತಿತ್ತು. ಅವನಿಗೆ ನಿದ್ದೆ ಕೆಟ್ಟರೆ ಮುಂದೇನು ಅಂತ ನಮ್ಮನೆಯವರಿಗೆಲ್ಲ ಗೊತ್ತು. ಜ್ವರದಲ್ಲಿ ಲಿಥಿಯಂ ಕೊಡಬಹುದಾ?

ಹಾಸನದ ನರ್ಸ್

ಅಕ್ಕ, ಮೊದಲು ನೀರು ಕುಡಿಸಿ. ಲಿಥಿಯಂ ಹೊರಗೆ ಹೋಗುವುದು ಕಿಡ್ನಿಯಿಂದ. ಜ್ವರ, ವಾಂತಿ, ಭೇದಿಯಲ್ಲಿ ಮೈಯ ನೀರು ಕಮ್ಮಿಯಾದರೆ ಅದು ರಕ್ತದಲ್ಲೇ ಉಳಿದು ಜಾಸ್ತಿಯಾಗುತ್ತದೆ. ಗಂಜಿಗೆ ಎಂದಿನಂತೆ ಉಪ್ಪು ಹಾಕಿ. ಉಪ್ಪು ಬಿಟ್ಟರೂ ಲಿಥಿಯಂ ಏರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವು ಅಂತ ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡಲೇಬೇಡಿ.

ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ನಡೆಯುವಾಗ ಓಲಾಡುವುದು, ಬಿಡದೆ ವಾಂತಿ: ಇದರಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಇವ್ಯಾವುದೂ ಇಲ್ಲದಿದ್ದರೆ ನೀವಾಗೇ ನಿಲ್ಲಿಸಬೇಡಿ, ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಸಿಗದಿದ್ದರೆ ನಿಮ್ಹಾನ್ಸ್ ಸಹಾಯವಾಣಿಗೆ ಕೇಳಿ.

ಮಂಡ್ಯದಿಂದ

ಒಂದು ಮಾತು ಸೇರಿಸ್ತೀನಿ. ಆಕ್ಸಿಜನ್ ಇಳಿದು ಅಡ್ಮಿಟ್ ಮಾಡಬೇಕಾಗಿ ಬಂದರೆ ಮನೋವೈದ್ಯರ ಹಳೇ ಚೀಟಿಯನ್ನು ಅಣ್ಣನ ಚೀಲದಲ್ಲೇ ಇಟ್ಟು ಕಳಿಸಿ. ನಮ್ಮಪ್ಪನಿಗೂ ಬೈಪೋಲಾರ್. ಕೋವಿಡ್ ವಾರ್ಡಿನಲ್ಲಿ ಸ್ಟೀರಾಯ್ಡ್ ಶುರು ಮಾಡಿದ ಮೇಲೆ ಉಸಿರಾಟ ಸುಧಾರಿಸಿತು, ಆದರೆ ನಿದ್ದೆಯೇ ಹೋಯಿತು. ಮಾತು ನಿಲ್ಲಲೇ ಇಲ್ಲ. ಸ್ಟೀರಾಯ್ಡ್‌ನಿಂದ ಮೇನಿಯಾ (ಮನಸ್ಸು ಅತಿಯಾಗಿ ಏರುವ ಸ್ಥಿತಿ) ಕೆರಳಬಹುದು ಅಂತ ಆಮೇಲೆ ಮನೋವೈದ್ಯರು ಹೇಳಿದರು. ಜೀವ ಉಳಿಸೋಕೆ ಅದು ಬೇಕು, ಬೇಡ ಅನ್ನಬೇಡಿ. ಆದರೆ ಕೊಡುವವರಿಗೆ ಬೈಪೋಲಾರ್ ಇದೆ ಅಂತ ಗೊತ್ತಿರಬೇಕು.

ಕೈತೊಳೆಯುವವ

ನನಗೆ ಓಸಿಡಿ, ಮತ್ತೆ ಮತ್ತೆ ಕೈ ತೊಳೆಯುವ ಗೀಳು. ಇಡೀ ಊರು ಕೈ ತೊಳೀರಿ ಅಂತ ಕೂಗುವಾಗ ನಲ್ಲಿ ನಿಲ್ಲಿಸೋದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಸುತ್ತ ಬರೀ ಕಾಯಿಲೆ ಮಾತೇ ಆದರೆ ಮನಸ್ಸಿಗೆ ಕಷ್ಟ, ಅದಕ್ಕೇ ಹೇಳ್ತೀನಿ, ಅಣ್ಣನನ್ನು ಸುಮ್ನೆ ಕಾವಲು ಕಾಯಬೇಡಿ. ಬಾಗಿಲಾಚೆ ಕೂತು ತೋಟದ ವಿಷಯ ಮಾತಾಡಿ. ರಾತ್ರಿ ಟಿವಿ ನ್ಯೂಸ್ ಬೇಡ.

ಮಲೆನಾಡಿನವಳು

ಡಾಕ್ಟರ್ ಫೋನಿಗೆ ಸಿಕ್ಕರು. ನಿದ್ದೆಗೆ ಮಾತ್ರೆ ಬರೆದು ವಾಟ್ಸಾಪ್ ಮಾಡಿದ್ದಾರೆ. ಲಿಥಿಯಂ ಮಟ್ಟ ನೋಡಲು ರಾತ್ರಿ ಡೋಸ್ ಆಗಿ 12 ಗಂಟೆ ಕಳೆದ ಮೇಲೆ ರಕ್ತ ತೆಗೆಸಬೇಕಂತೆ, ನಾಳೆ ಲ್ಯಾಬ್‌ನವರು ಮನೆಗೇ ಬರ್ತಾರೆ. ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್ ಕೂಡ ನೋಡಿಸ್ತಿದ್ದೀವಿ. ಎಳನೀರು ಮಾತ್ರ ಇಷ್ಟಪಟ್ಟು ಕುಡಿದ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕ್ತೀನಿ.